ದೊಡ್ಡಪ್ಪನ ಬಾಯಿ, ನನ್ನ ಗ್ಲೌಸು

ಆಸ್ಪತ್ರೆಯ ಹಿಂದುಗಡೆ, ಅಡುಗೆಮನೆಗೂ ಬಟ್ಟೆ ಒಗೆಯುವ ಕಲ್ಲಿಗೂ ನಡುವೆ, ಬೇವಿನ ಮರದ ನೆರಳಲ್ಲಿ ಒಂದು ತಂತಿ ಕಟ್ಟಿತ್ತು. ಅದರ ಮೇಲೆ ಸಾಲಾಗಿ ಕಂದುಬಣ್ಣದ ರಬ್ಬರ್ ಗ್ಲೌಸುಗಳು ಒಣಗುತ್ತಿದ್ದವು. ಹೊಸದಾಗಿ ಬಂದ ರೋಗಿಗಳ ಕಡೆಯವರು ಐದೈದು ಬೆರಳು ಇಳಿಬಿಟ್ಟ ಆ ಕೈಗಳನ್ನು ನೋಡಿ ಮೊದಲು ಬೆಚ್ಚುತ್ತಿದ್ದರು, ಆಮೇಲೆ ನಗುತ್ತಿದ್ದರು. ನನಗಂತೂ ಆ ತಂತಿ ಕಂಡರೆ ಹೆಮ್ಮೆ. ಎಂಬತ್ತರ ದಶಕದ ಕೊಯಮತ್ತೂರಿನಲ್ಲಿ ದವಡೆಯ ಆಪರೇಷನ್ ಮಾಡುವ ಹೆಂಗಸರು ಹುಡುಕಿದರೂ ಸಿಗುತ್ತಿರಲಿಲ್ಲ. ನಾನು ಮಾಡುತ್ತಿದ್ದೆ. ಆ ಸಾಲಿನಲ್ಲಿ ಎಲ್ಲಕ್ಕಿಂತ ಚಿಕ್ಕ ಜೊತೆ ನನ್ನದು. ಇದನ್ನು ಜಂಬ ಎನ್ನುವವರು ಎನ್ನಲಿ, ನಾನು ಬೇಡ ಎನ್ನುವುದಿಲ್ಲ.

ಈಗಿನ ಹುಡುಗ ಹುಡುಗಿಯರಿಗೆ ಇದೆಲ್ಲ ಹೇಳಿದರೆ ನಂಬುವುದಿಲ್ಲ. ಅವರು ಒಂದು ಬಾಯಿ ನೋಡುತ್ತಾರೆ, ಗ್ಲೌಸು ಕಿತ್ತು ಬುಟ್ಟಿಗೆ ಹಾಕುತ್ತಾರೆ. ನಮ್ಮ ಕಾಲದಲ್ಲಿ ಒಂದು ಜೊತೆ ಎಷ್ಟೋ ಬಾಯಿಗಳನ್ನು ಕಾಣುತ್ತಿತ್ತು. ಆಪರೇಷನ್ ಮುಗಿದ ಮೇಲೆ ಆಯಾ ಅದನ್ನು ಸೋಪಿನಲ್ಲಿ ತೊಳೆದು, ಒಳಗಿನದನ್ನು ಹೊರಗೆ ತಿರುಗಿಸಿ ಮತ್ತೆ ತೊಳೆಯಬೇಕು. ನಲ್ಲಿಯಲ್ಲಿ ಬರುವ ಸಿರುವಾಣಿ ಹೊಳೆಯ ನೀರು ತುಂಬಿಸಿ ಹಿಂಡಿ, ಎಲ್ಲಾದರೂ ಸೋರುತ್ತದೆಯೇ ನೋಡಬೇಕು. ತೂತು ಕಂಡರೆ ಹಳೆಯ ಗ್ಲೌಸಿನ ತುಂಡು ಕತ್ತರಿಸಿ, ಸೈಕಲ್ ಟ್ಯೂಬಿಗೆ ಪಂಕ್ಚರ್ ಹಾಕಿದ ಹಾಗೆ ಅಂಟಿಸಬೇಕು. ತೇಪೆ ಬಿದ್ದದ್ದು ಆಪರೇಷನ್ನಿಗೆ ಇಲ್ಲ, ಡ್ರೆಸಿಂಗಿಗೆ. ಉಳಿದವಕ್ಕೆ ಪೌಡರ್ ಬಳಿದು, ಜೊತೆಜೊತೆಯಾಗಿ ಬಟ್ಟೆಯಲ್ಲಿ ಸುತ್ತಿ ಹಬೆಯ ಡಬ್ಬಿಗೆ ಇಡುತ್ತಿದ್ದರು.

ಇಷ್ಟೆಲ್ಲ ಉಪಚಾರ ದೊಡ್ಡ ಆಪರೇಷನ್ನಿಗೆ ಮಾತ್ರ. ಬರೀ ಹಲ್ಲು ಕೀಳಲು, ಕೀವು ತೆಗೆಯಲು, ಬಾಯೊಳಗೆ ಬೆರಳಾಡಿಸಿ ನೋಡಲು ಯಾರೂ ಗ್ಲೌಸು ಹಾಕುತ್ತಿರಲಿಲ್ಲ. ಮೊದಲು ಕೈ ತೊಳೆದುಕೊಳ್ಳುವುದು, ಆಮೇಲೆ ಮತ್ತೆ ತೊಳೆದುಕೊಳ್ಳುವುದು, ಅಷ್ಟೇ. ನಮ್ಮ ವಿಭಾಗದ ಮುಖ್ಯಸ್ಥರು, ಎಲ್ಲರೂ ಚೀಫ್ ಎಂದು ಕರೆಯುತ್ತಿದ್ದವರು, ಗ್ಲೌಸು ಹಾಕಿದರೆ ಬೆರಳಿಗೆ ಕಣ್ಣು ಕಾಣುವುದಿಲ್ಲ ಎನ್ನುತ್ತಿದ್ದರು. ಮುರಿದ ಬೇರು ದವಡೆಯೊಳಗೆ ಎಲ್ಲಿ ಅಡಗಿದೆಯೆಂದು ಎಕ್ಸ್‌ರೇ ಬರುವ ಮೊದಲೇ ಅವರು ಬೆರಳಿನಿಂದ ಹೇಳಿಬಿಡುತ್ತಿದ್ದರು. ನಾನು ಕಲಿತ ಕೆಲಸವೆಲ್ಲ ಆ ಬೆರಳುಗಳನ್ನು ನೋಡಿ ಕಲಿತದ್ದು.

ನಮ್ಮ ಕೆಲಸದಲ್ಲಿ ಚಾಕುವಿಗಿಂತ ತಂತಿಯೇ ಹೆಚ್ಚು ಅಪಾಯ. ದವಡೆ ಮುರಿದವರು ಬಂದರೆ ಮೇಲಿನ, ಕೆಳಗಿನ ಹಲ್ಲುಗಳಿಗೆ ಸಣ್ಣ ಸ್ಟೀಲ್ ತಂತಿ ಸುತ್ತಿ, ತಿರುಚಿ, ಬಾಯಿಯನ್ನೇ ಕಟ್ಟಿಹಾಕುತ್ತಿದ್ದೆವು. ಮೂಳೆ ಕೂಡುವ ತನಕ ರೋಗಿಗೆ ಗಂಜಿ, ಸಾರು, ಎಳನೀರು. ಕತ್ತರಿಸಿದ ತಂತಿಯ ತುದಿ ಸೂಜಿಗಿಂತ ಮೊನೆಯಾಗಿರುತ್ತದೆ, ಗ್ಲೌಸು ಅದಕ್ಕೆ ಯಾವ ಲೆಕ್ಕ. ಒಮ್ಮೆ ಪೊಳ್ಳಾಚಿ ರಸ್ತೆಯಲ್ಲಿ ತೆಂಗಿನಕಾಯಿ ಲಾರಿ ಮಗುಚಿ ಅದರ ಕ್ಲೀನರನ್ನು ನಮ್ಮಲ್ಲಿಗೆ ತಂದರು. ಅವನ ಬಾಯಿ ಕಟ್ಟುವಾಗ ಚೀಫ್‌ಗೆ ತಂತಿ ಚುಚ್ಚಿತು. ಗ್ಲೌಸಿನ ಒಳಗೆ ಒಂದು ಹನಿ ರಕ್ತ ಕಂಡಿತು, ಅವರು ಒರೆಸಿಕೊಂಡು ಕೆಲಸ ಮುಂದುವರಿಸಿದರು. ನಾವು ಯಾರೂ ಅದನ್ನು ದೊಡ್ಡದು ಮಾಡಲಿಲ್ಲ, ಎಲ್ಲರಿಗೂ ದಿನವೂ ಚುಚ್ಚುತ್ತಿತ್ತು.

ಕೆಲವು ತಿಂಗಳಾದ ಮೇಲೆ ಚೀಫ್‌ಗೆ ಊಟ ಸೇರದಾಯಿತು. ಕಣ್ಣು ಹಳದಿಯಾಯಿತು. ರಕ್ತ ಮದ್ರಾಸಿಗೆ ಹೋಗಿ ಬಂತು: ರಕ್ತದಿಂದ ರಕ್ತಕ್ಕೆ ಹರಡುವ ಕಾಮಾಲೆ, ಹೆಪಟೈಟಿಸ್ ಬಿ. ಅದಕ್ಕೆ ಲಸಿಕೆ ಬಂದಿದೆಯೆಂದು ನಾವು ಓದಿದ್ದೆವು, ಕಣ್ಣಲ್ಲಿ ಕಂಡಿರಲಿಲ್ಲ. ಅವರನ್ನು ನೋಡಲು ಮನೆಗೆ ಹೋದಾಗ ಅಷ್ಟು ಎತ್ತರದ ಮನುಷ್ಯ ಹಾಸಿಗೆಗೆ ಅಂಟಿಕೊಂಡು ಮಲಗಿದ್ದರು. ಆಸ್ಪತ್ರೆಯ ಸುದ್ದಿ ಕೇಳಿದರು. ಆಮೇಲೆ ತಮ್ಮ ಬೆರಳುಗಳನ್ನು ನೋಡಿಕೊಂಡು ತಮಿಳಿನಲ್ಲಿ ಮೆಲ್ಲಗೆ ಹೇಳಿದರು, “ನನ್ನ ಮಾತು ನೀನು ಈ ಒಂದು ವಿಷಯದಲ್ಲಿ ಕೇಳಬೇಡಮ್ಮ. ಬರಿಗೈಯನ್ನು ಯಾರ ಬಾಯಿಗೂ ಹಾಕಬೇಡ. ಯಾರೇ ಬಂದರೂ ಸರಿ.”

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಹಠ ಅದರ ಹಿಂದೆಯೇ. ಮರುದಿನದಿಂದ ನಮ್ಮ ವಿಭಾಗದಲ್ಲಿ ಗ್ಲೌಸಿಲ್ಲದೆ ಬಾಯಿ ಮುಟ್ಟಬಾರದು ಎಂದೆ. ಚೀಫ್ ಇಲ್ಲದ ಕಾಲದಲ್ಲಿ ಹೇಳುವವಳು ನಾನೇ ಆಗಿದ್ದೆ. ಸ್ಟೋರಿನವರು ಗೊಣಗಿದರು, ಆಯಾ ಇನ್ನಷ್ಟು ತೊಳೆಯಬೇಕಲ್ಲ ಎಂದು ನನ್ನನ್ನು ಬೈದುಕೊಂಡಳು. ಪ್ರತಿ ಆಪರೇಷನ್ ಮುಗಿದ ಮೇಲೆ ನಾನೇ ನಿಂತು ನೀರು ತುಂಬಿಸಿ ನೋಡಿಸುತ್ತಿದ್ದೆ. ಆಗ ತಿಳಿದದ್ದು: ಚುಚ್ಚಿದ್ದೇ ಗೊತ್ತಾಗದ ತೂತುಗಳು ಎಷ್ಟೊಂದು ಇರುತ್ತವೆ ಎಂದು. ಎಡಗೈಯ ತೋರುಬೆರಳಲ್ಲೇ ಹೆಚ್ಚು, ಯಾಕೆಂದರೆ ತಂತಿಯನ್ನು ಆ ಬೆರಳೇ ಒತ್ತಿ ಹಿಡಿಯುತ್ತದೆ. ತಂತಿಯ ಕೆಲಸದ ನಡುವೆ ಒಮ್ಮೆ ಗ್ಲೌಸು ಬದಲಿಸುವುದೂ ನಮ್ಮಲ್ಲಿ ಅಂದಿನಿಂದ ರೂಢಿಯಾಯಿತು. ಇದಕ್ಕೆ ಯಾರೂ ನನಗೆ ಶಾಲು ಹೊದಿಸಲಿಲ್ಲ, ಆದರೂ ನಾನು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದೊಂದು.

ಇನ್ನು ನಮ್ಮ ಮನೆಯ ವಿಷಯ. ಕೊಯಮತ್ತೂರಿನ ಹೊರಗೆ, ತುಡಿಯಲೂರಿನಾಚೆ ನಮ್ಮದು ನೇಕಾರರ ಬೀದಿ. ಎಷ್ಟೋ ತಲೆಮಾರಿನ ಹಿಂದೆ ಕನ್ನಡ ನಾಡಿನಿಂದ ಬಂದು ನೆಲೆ ನಿಂತವರು. ಬೀದಿಗಿಳಿದರೆ ತಮಿಳು, ಹೊಸ್ತಿಲು ದಾಟಿ ಒಳಗೆ ಬಂದರೆ ಕನ್ನಡ, ಅದರಲ್ಲೂ ಅರ್ಧ ತಮಿಳೇ. ಕನ್ನಡ ಅಕ್ಷರ ನಮ್ಮಪ್ಪನಿಗೂ ಬಾರದು, ದೊಡ್ಡಪ್ಪನಿಗೂ ಬಾರದು. ನನಗೆ ಬಂದದ್ದು ಬೆಂಗಳೂರಿನಲ್ಲಿ ದಂತವೈದ್ಯ ಓದುವಾಗ, ಹಾಸ್ಟೆಲ್ಲಿನ ಗೆಳತಿ ಬಸ್ಸಿನ ಬೋರ್ಡುಗಳನ್ನು ತೋರಿಸಿ ತೋರಿಸಿ ಕಲಿಸಿದ್ದರಿಂದ. ಆ ಓದಿಗೆ ನನ್ನನ್ನು ಕಳಿಸಿದ್ದು ದೊಡ್ಡಪ್ಪ. ನಮ್ಮಪ್ಪನ ಅಣ್ಣ, ಬೀದಿಗೆಲ್ಲ ಹಿರಿಯರು. ಹೆಣ್ಣುಮಗು ಹಲ್ಲು ಕೀಳುವ ಕೆಲಸ ಕಲಿಯುವುದೇ ಎಂದು ನಕ್ಕವರ ಮುಂದೆ, ನಮ್ಮ ಮನೆ ಹುಡುಗಿ ಓದಲಿ, ನಿಮ್ಮ ಹಲ್ಲನ್ನೇ ಮೊದಲು ಕೀಳುತ್ತಾಳೆ ಎಂದು ಹೇಳಿ ಬಾಯಿ ಮುಚ್ಚಿಸಿದವರು.

ನಮ್ಮ ಜನಕ್ಕೆ ಎಂಜಲು ಎಂದರೆ ಬಲು ಕಟ್ಟುನಿಟ್ಟು. ಒಬ್ಬರು ಕಚ್ಚಿದ ಹಣ್ಣು ಇನ್ನೊಬ್ಬರು ಮುಟ್ಟುವುದಿಲ್ಲ, ನೀರನ್ನು ಎತ್ತರದಿಂದ ಬಾಯಿಗೆ ಸುರಿದುಕೊಳ್ಳುತ್ತೇವೆ. ಮಗ್ಗದಲ್ಲಿ ನೂಲು ಹೊತ್ತು ಓಡಾಡುವ ಲಾಳಿಗೆ ಮಾತ್ರ ಆ ಕಟ್ಟು ಇರಲಿಲ್ಲ. ಲಾಳಿಯ ಕಣ್ಣಿಗೆ ತುಟಿ ಇಟ್ಟು ಉಸಿರೆಳೆದರೆ ಒಳಗಿನ ನೂಲು ತೂತಿನಿಂದ ಹೊರಗೆ ಬರುತ್ತದೆ. ಮಗ್ಗದ ಮೇಲೆ ಅಪ್ಪ ಕೂತಾಗ ಅಪ್ಪ ಎಳೆಯುತ್ತಿದ್ದರು, ಅವರು ಎದ್ದರೆ ದೊಡ್ಡಪ್ಪ, ಸ್ಕೂಲಿನಿಂದ ಬಂದ ಮೇಲೆ ನಾನು, ಎಲ್ಲರ ಬಾಯೂ ಅದೇ ಲಾಳಿಗೆ. ಬೀದಿಯ ಯಾವ ಮನೆಗೆ ಹೋಗಿ ಮಗ್ಗಕ್ಕೆ ಕೈ ಕೊಟ್ಟರೂ ಹಾಗೆಯೇ. ನಮ್ಮವರು, ಹೊರಗಿನವರು ಎನ್ನುವ ಗೆರೆ ಅಲ್ಲಿತ್ತು: ಒಂದೇ ಲಾಳಿಗೆ ಬಾಯಿ ಇಡಬಲ್ಲವರು ನಮ್ಮವರು.

ಅಂಥ ದೊಡ್ಡಪ್ಪನಿಗೆ ಕೆಳದವಡೆಯ ಹಲ್ಲು ಕೀವುಗಟ್ಟಿತು. ಬೇರೆ ಡಾಕ್ಟರ ಹತ್ತಿರ ಹೋಗುವವರೇ ಅವರು? ಬಿಳಿ ಪಂಚೆ, ಹೆಗಲಿಗೆ ಟವೆಲು, ಊದಿದ ಕೆನ್ನೆ, ಹಿಂದೆ ಬೀದಿಯ ಅರ್ಧ ಜನ. ನಮ್ಮಪ್ಪನೂ ಅವರೊಳಗೆ. ನೋವಿಗಿಂತ ಹೆಚ್ಚಾಗಿ ನನ್ನನ್ನು ತೋರಿಸಲು ಬಂದ ಹಾಗಿತ್ತು. ಬೆಂಚಿನಲ್ಲಿ ಕಾಯುತ್ತಿದ್ದವರನ್ನೆಲ್ಲ ದಾಟಿ ಒಳಗೆ ಬಂದು ಕುರ್ಚಿಯಲ್ಲಿ ಕೂತರು, ನಮ್ಮವರನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡರು. ನಾನು ಕೈ ತೊಳೆದು ಬಟ್ಟೆಯ ಸುತ್ತು ಬಿಚ್ಚಿ ಗ್ಲೌಸು ಏರಿಸಿದೆ. ತೆರೆದಿದ್ದ ಬಾಯಿಯನ್ನು ಅವರು ಮುಚ್ಚಿಕೊಂಡರು.

“ಅದೇನು ಅಮ್ಮಿಣಿ, ಕೈಗೆ?” ಎಂದರು. ಮನೆಯ ಹೆಣ್ಣುಮಕ್ಕಳನ್ನು ನಮ್ಮ ಕಡೆ ಮುದ್ದಿನಿಂದ ಹಾಗೆ ಕರೆಯುತ್ತಾರೆ.

ಗ್ಲೌಸು, ಈಗ ಎಲ್ಲರಿಗೂ ಹಾಕುತ್ತೇನೆ ಎಂದೆ. ಎಲ್ಲರಿಗೂ ಎಂಬ ಮಾತೇ ತಪ್ಪಾಯಿತೋ ಏನೋ. ಅವರು ಬಾಗಿಲಿನವರನ್ನು ಒಮ್ಮೆ ನೋಡಿದರು, ನನ್ನನ್ನು ನೋಡಿದರು.

“ಒಂದೇ ಲಾಳಿಗೆ ಬಾಯಿ ಇಟ್ಟವರು ನಾವು. ಈಗ ನನ್ನ ಬಾಯಿ ನಿನಗೆ ಎಂಜಲಾಯ್ತಾ?”

ಉತ್ತರ ಹೇಳುವ ಮೊದಲೇ ಎದ್ದರು. ಟವೆಲು ಕೊಡವಿ ಹೆಗಲಿಗೆ ಹಾಕಿ ಹೊರಟೇಹೋದರು, ಹಿಂದೆ ಬಂದವರೆಲ್ಲ ಹಿಂದೆಯೇ ಹೋದರು. ಅಪ್ಪ ಒಂದು ಕ್ಷಣ ನಿಂತು ಅಣ್ಣನ ಹಿಂದೆ ಹೋದರು. ಕಾಯುತ್ತಿದ್ದ ರೋಗಿಗಳ ಮುಂದೆ ನಾನು ರಬ್ಬರ್ ಕೈಗಳನ್ನು ಎತ್ತಿ ಹಿಡಿದುಕೊಂಡು ನಿಂತಿದ್ದೆ.

ಮನೆಯಲ್ಲಿ ಅಂದು ಅನ್ನದ ತಟ್ಟೆ ಸದ್ದು ಮಾಡಿಕೊಂಡು ನನ್ನ ಮುಂದೆ ಬಂತು. ಅಮ್ಮನಿಗೆ ಸಿಟ್ಟು ಬಂದರೆ ಪಾತ್ರೆಗಳೇ ಮಾತಾಡುತ್ತವೆ. ಚಿಕ್ಕಮ್ಮಂದಿರು ಬಂದು ಬುದ್ಧಿ ಹೇಳಿದರು: ಊರಿಗೆಲ್ಲ ಹಾಕಿಕೋ, ದೊಡ್ಡಪ್ಪನೊಬ್ಬರಿಗೆ ಬಿಟ್ಟುಬಿಡು, ಬರಿಗೈಯಲ್ಲಿ ಒಮ್ಮೆ ಮುಟ್ಟಿದರೆ ನಿನ್ನ ಕೈ ಉದುರಿಹೋಗುತ್ತದೆಯೇ? ನನಗೂ ಹೊಟ್ಟೆ ಉರಿಯುತ್ತಿತ್ತು. ನನ್ನನ್ನು ಆ ಕುರ್ಚಿಯ ಪಕ್ಕ ನಿಲ್ಲಿಸಿದ ಮನುಷ್ಯನೇ ನನ್ನ ಮುಖಕ್ಕೆ ಆ ಮಾತು ಹೇಳಿದರಲ್ಲ. ಆದರೆ ಒಬ್ಬರಿಗೆ ಬಿಟ್ಟರೆ ಅದು ನಿಯಮವಾಗುವುದಿಲ್ಲ, ಬೇಕಾದವರು ಬೇಡದವರು ಎಂಬ ಎರಡು ಸಾಲಾಗುತ್ತದೆ. ಆಗ ಗ್ಲೌಸು ಹಾಕಿಸಿಕೊಂಡವರಿಗೆಲ್ಲ ನಿಜವಾಗಿಯೂ ಅದು ಅವಮಾನವೇ. ಅಪ್ಪ ಊಟ ಮುಗಿಸಿ ಕೈ ತೊಳೆದುಕೊಂಡರು.

ಸುದ್ದಿ ಬರುತ್ತಲೇ ಇತ್ತು. ದೊಡ್ಡಪ್ಪ ಲವಂಗ ಇಟ್ಟುಕೊಂಡಿದ್ದಾರೆ, ಉಪ್ಪಿನ ಶಾಖ ಕೊಡುತ್ತಿದ್ದಾರೆ, ಯಾವ ಡಾಕ್ಟರ ಹೆಸರೆತ್ತಿದರೂ ಬೈಯುತ್ತಿದ್ದಾರೆ. ಒಂದು ಬೆಳಿಗ್ಗೆ ಅಪ್ಪ ಬಂದು, ಅಣ್ಣ ನೀರನ್ನೂ ನುಂಗುತ್ತಿಲ್ಲ, ಮಾತು ಬಾಯೊಳಗೆ ಬಿಸಿ ಅನ್ನ ಇದ್ದ ಹಾಗೆ ಬರುತ್ತಿದೆ ಎಂದರು. ಅದನ್ನು ಕೇಳಿ ನನ್ನ ಸಿಟ್ಟು ಇಳಿದುಹೋಯಿತು. ಕೀವು ಹಲ್ಲಿನಿಂದ ಇಳಿದು ನಾಲಿಗೆಯ ಕೆಳಗೆ ಹರಡಿದರೆ ನಾಲಿಗೆ ಮೇಲಕ್ಕೆದ್ದು ಗಂಟಲಿಗೆ ಒತ್ತುತ್ತದೆ. ಇನ್ನೂ ಇಳಿದರೆ ಉಸಿರಿನ ದಾರಿಯೇ ಮುಚ್ಚಿಹೋಗುತ್ತದೆ. ಹಾಗೆ ಹೋದವರನ್ನು ನಾನು ಕಂಡಿದ್ದೆ.

ದೊಡ್ಡಪ್ಪ ಮಗ್ಗದ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಗದ್ದದ ಕೆಳಗೆ ಹಲಗೆಯ ಹಾಗೆ ಗಟ್ಟಿಯಾಗಿ ಊದಿತ್ತು. ಜೊಲ್ಲು ಒರೆಸಿಕೊಳ್ಳುತ್ತ ಅವರು ನನ್ನ ಚೀಲದ ಕಡೆ ನೋಡಿದರು. ಅದರಲ್ಲಿ ಗ್ಲೌಸಿದೆಯೇ ಎಂದು ನೋಡುತ್ತಿದ್ದಾರೆಂದು ನನಗೆ ಗೊತ್ತಾಯಿತು. ಇದೆ ಎಂದು ನಾನೇ ಹೇಳಿದೆ. ಅವರು ಮುಖ ತಿರುಗಿಸಿಕೊಂಡರು.

ಎದುರಿಗೆ ನೆಲದ ಮೇಲೆ ಕೂತೆ. ಆ ದಿನ ನೀವು ಬರುವ ಮುಂಚೆ ಆ ಕುರ್ಚಿಯಲ್ಲಿ ಕೂತಿದ್ದವನು ಯಾರು ಗೊತ್ತೇ ಎಂದು ಕೇಳಿದೆ. ಪೊಳ್ಳಾಚಿ ಸಂತೆಯ ದನದ ವ್ಯಾಪಾರಿ, ಅವನ ಬಾಯಿ ತುಂಬ ಕೀವು. ಅವನ ಬಾಯಿಂದ ತೆಗೆದ ಕೈಯನ್ನು ನಿಮ್ಮ ಬಾಯಿಗೆ ಇಡಬೇಕಿತ್ತೇ? ಸೋಪು ಹಾಕಿ ತೊಳೆದರೆ ಸಾಲದೇ ಎಂದು ಅವರು ಕೈಸನ್ನೆಯಲ್ಲೇ ಕೇಳಿದರು. ಆಗ ನಾನು ಮನೆಯ ಕಟ್ಟಳೆಯನ್ನೇ ಎತ್ತಿದೆ. ಬಣ್ಣದ ತೊಟ್ಟಿಯ ಕೆಲಸ ಮಾಡಿದವರು ಎಷ್ಟು ತೊಳೆದರೂ ಅಂದು ಬಿಳಿ ಪಾವು, ಅಂದರೆ ಮಗ್ಗಕ್ಕೆ ಏರಿಸುವ ಹಾಸುನೂಲು, ಮುಟ್ಟುವಂತಿಲ್ಲ, ಅದರ ಮೇಲೆ ಒಂದು ಬೆರಳಿನ ಗುರುತು ಬಿದ್ದರೂ ಸೀರೆ ಪೂರ್ತಿ ಹಾಳು. ಆ ಕಟ್ಟಳೆಯನ್ನು ನಮ್ಮ ಬೀದಿಯಲ್ಲಿ ಕಾಯುತ್ತಿದ್ದವರು ದೊಡ್ಡಪ್ಪನೇ. ಉಗುರಿನ ಸಂದಿಯಲ್ಲಿ ಬಣ್ಣ ಉಳಿದಿದೆಯೆಂದು ನಮ್ಮಪ್ಪನನ್ನೇ ಪಾವಿನ ಹತ್ತಿರದಿಂದ ಎಬ್ಬಿಸಿ ಕಳಿಸಿದ್ದರು. ತೊಳೆದ ಕೈ ಎಂದು ಅವತ್ತು ನೀವು ಒಪ್ಪಿದಿರಾ ಎಂದೆ.

 ಅವರು ಕಷ್ಟಪಟ್ಟು, ತಡೆದು ತಡೆದು ಕೇಳಿದರು.

“ಹಂಗಾದ್ರೆ ಅದು ಯಾರಿಗೋಸ್ಕರ? ನನಗಾ, ನಿನಗಾ? ನಿಜ ಹೇಳು.”

ನಿಮಗೆ ಮಾತ್ರ ಎಂದು ಹೇಳಿದ್ದರೆ ಅವರು ಅಲ್ಲೇ ಎದ್ದು ಬರುತ್ತಿದ್ದರು. ಆದರೆ ಆ ಮನುಷ್ಯನ ಮುಂದೆ ಅರ್ಧ ಮಾತು ಆಡಲು ನನಗೆ ಮನಸ್ಸಾಗಲಿಲ್ಲ. ಚೀಫ್‌ನ ಹಳದಿ ಕಣ್ಣಿನ ಕಥೆ ಪೂರ್ತಿ ಹೇಳಿದೆ, ತಂತಿ ಚುಚ್ಚಿದ್ದು, ಹಾಸಿಗೆ ಹಿಡಿದದ್ದು, ಅವರು ನನಗೆ ಹೇಳಿದ ಮಾತು.

“ಇಬ್ಬರಿಗೂ, ದೊಡ್ಡಪ್ಪ. ಇನ್ನೊಬ್ಬರ ರೋಗ ನಿಮಗೆ ಬರಬಾರ್ದು, ನಿಮ್ಮದು ನನಗೆ ಬರಬಾರ್ದು. ನನ್ನ ಓದಿಸಿದ್ದು ನೀವು. ಕಾಮಾಲೆ ಬಂದು ಮೂಲೆ ಹಿಡೀಲಿ ಅಂತ ಓದಿಸಲಿಲ್ಲವಲ್ಲ.”

ದೊಡ್ಡಪ್ಪ ನನ್ನ ಎರಡೂ ಕೈಗಳನ್ನು ಎಳೆದು ತಮ್ಮ ಮಡಿಲಲ್ಲಿಟ್ಟುಕೊಂಡು ಮಗುಚಿ ಮಗುಚಿ ನೋಡಿದರು. ಗಾಯವಿದೆಯೇ ಎಂದು ಹುಡುಕುತ್ತಿದ್ದರು ಎಂದು ಕಾಣುತ್ತದೆ. ನನಗೆ ಅಳು ಬಂತು, ಆದರೆ ಅಳಲು ಅದು ಹೊತ್ತಲ್ಲ. ಅಪ್ಪ ಅಷ್ಟರಲ್ಲಿ ಟ್ಯಾಕ್ಸಿ ತಂದು ನಿಲ್ಲಿಸಿದ್ದರು.

ಕೂರಿಸಿಕೊಂಡೇ ಆಪರೇಷನ್ ಮಾಡಬೇಕಾಯಿತು. ಉಸಿರು ಕಟ್ಟಿದರೆ ಕುತ್ತಿಗೆಯಲ್ಲಿ ದಾರಿ ಮಾಡಲು ಪಕ್ಕದಲ್ಲೇ ಎಲ್ಲ ಸಿದ್ಧವಿತ್ತು. ಇಂಜೆಕ್ಷನ್ ಕೊಟ್ಟು ಗದ್ದದ ಕೆಳಗೆ ಕೊಯ್ದಾಗ ಬಂದ ಕೀವಿನ ವಾಸನೆಗೆ ನರ್ಸು ಒಂದು ಹೆಜ್ಜೆ ಹಿಂದೆ ಸರಿದಳು. ನನ್ನ ಕೈ ನಡುಗಲಿಲ್ಲ, ಇದನ್ನೂ ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ಹಲ್ಲು ತೆಗೆಯುವಾಗ ಅದರ ಮುರಿದ ಅಂಚು ತಾಗಿ ಗ್ಲೌಸು ಹರಿಯಿತು. ನಾನು ನಿಲ್ಲಿಸಿ, ಕೈ ತೊಳೆದು, ಬೇರೆ ಜೊತೆ ಹಾಕತೊಡಗಿದೆ. ಬಾಗಿಲ ಸಂದಿಯಿಂದ ಯಾರೋ ಬೇಗ ಮುಗಿಸಬಾರದೇ ಎಂದರು. ದೊಡ್ಡಪ್ಪ ಕೀವು ರಕ್ತ ಸುರಿಸುತ್ತ ಕೂತಿದ್ದವರು, ಅಂಗೈ ಎತ್ತಿ ಅವರನ್ನು ಸುಮ್ಮನಾಗಿಸಿದರು. ಕೊನೆಗೆ ಕೀವು ಹರಿದುಹೋಗಲೆಂದು ಹೊಸ ಗ್ಲೌಸೊಂದನ್ನು ಕತ್ತರಿಸಿ, ಅದರ ರಬ್ಬರ್ ಪಟ್ಟಿಯನ್ನು ಗಾಯದೊಳಗೆ ಇಟ್ಟು ಹೊಲಿದೆ. ನಮ್ಮಲ್ಲಿ ಹಾಗೇ ಮಾಡುವುದು. ಮುಟ್ಟಿಸಿಕೊಳ್ಳಲಾರೆ ಎಂದ ರಬ್ಬರು ಕೀವು ನಿಲ್ಲುವ ತನಕ ಅವರ ಕುತ್ತಿಗೆಯೊಳಗೇ ಇತ್ತು, ಆ ವಿಷಯ ಹೇಳಿ ಚಿಕ್ಕಮ್ಮಂದಿರು ಅವರನ್ನು ಆಮೇಲೆ ಬಹಳ ಗೋಳು ಹುಯ್ದುಕೊಂಡರು.

ಗಾಯ ಮಾದ ಮೇಲೆ ಕೊನೆಯ ಸಲ ತೋರಿಸಲು ದೊಡ್ಡಪ್ಪ ಮತ್ತೆ ಬೀದಿಯವರನ್ನೆಲ್ಲ ಕಟ್ಟಿಕೊಂಡು ಬಂದರು. ಆ ಹೊತ್ತಿಗೆ ಚೀಫ್ ಆಸ್ಪತ್ರೆಗೆ ಬರಲು ಶುರು ಮಾಡಿದ್ದರು. ಹಳದಿ ಇಳಿದಿತ್ತು, ಆದರೆ ಮದ್ರಾಸಿನ ವರದಿಯಲ್ಲಿ ರೋಗ ಇನ್ನೂ ರಕ್ತದಲ್ಲಿ ಉಳಿದಿದೆ ಎಂದೇ ಬರುತ್ತಿತ್ತು. ಅವರು ಪಾಠ ಹೇಳುತ್ತಿದ್ದರು, ಎಕ್ಸ್‌ರೇ ನೋಡುತ್ತಿದ್ದರು, ರೋಗಿಯನ್ನು ಮುಟ್ಟುತ್ತಿರಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೇ ನಡೆಯುತ್ತಿದ್ದರು. 

ನಾನು ಗ್ಲೌಸು ಹಾಕಿ ದೊಡ್ಡಪ್ಪನ ಬಾಯಿ ನೋಡಿ ಮುಗಿಸಿದಾಗ ಚೀಫ್ ಬಾಗಿಲಲ್ಲಿ ನಿಂತಿದ್ದರು. ನಮ್ಮ ಚೀಫ್ ಎಂದು ಪರಿಚಯಿಸಿದೆ. ದೊಡ್ಡಪ್ಪ ಎದ್ದು ಕೈ ಮುಗಿದು, ದೊಡ್ಡ ಡಾಕ್ಟರು ನೀವೂ ಒಮ್ಮೆ ನೋಡಿಬಿಡಿ ಎಂದು ತಮಿಳಿನಲ್ಲಿ ಕೇಳಿಕೊಂಡರು. ಇವಳು ನೋಡಿದರೆ ಸಾಕು, ನನ್ನ ರಕ್ತ ಇನ್ನೂ ಶುದ್ಧವಾಗಿಲ್ಲ ಎಂದು ಚೀಫ್ ಹೇಳಿದರು.  ನಮ್ಮ ಬೀದಿಯವರು ಬಾಗಿಲಿನಿಂದ ಸ್ವಲ್ಪ ಹಿಂದೆ ಸರಿದದ್ದು ನನಗೆ ಕಂಡಿತು, ಚೀಫ್‌ಗೂ ಕಂಡಿರಬೇಕು.

ದೊಡ್ಡಪ್ಪ ಮಾತ್ರ ಮತ್ತೆ ಕುರ್ಚಿಯಲ್ಲಿ ಕೂತು ಟವೆಲನ್ನು ಎದೆಯ ಮೇಲೆ ಹರಡಿಕೊಂಡರು.

“ಅದಕ್ಕೇನು ಡಾಕ್ಟರಯ್ಯಾ, ನೀವೂ ಒಂದು ಜೊತೆ ಹಾಕ್ಕೊಳ್ಳಿ. ಅದು ಇರೋದೇ ಅದಕ್ಕಲ್ವಾ?”

ಚೀಫ್ ನನ್ನ ಮುಖ ನೋಡಿದರು. ನನ್ನ ಗುರು ನನ್ನ ಒಪ್ಪಿಗೆ ಕೇಳುತ್ತಿದ್ದರು. ಬರೀ ಮುಟ್ಟಿ ನೋಡುವುದು, ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ, ಬಾಯೊಳಗೆ ಗಾಯವೂ ಇಲ್ಲ. ಸರಿ, ಆದರೆ ಒಂದರ ಮೇಲೊಂದು ಎರಡು ಜೊತೆ ಎಂದೆ. ಆಯಾ ತಂದ ದೊಡ್ಡ ಅಳತೆಯ ಗ್ಲೌಸುಗಳಿಗೆ ನಾನೇ ನೀರು ತುಂಬಿಸಿ ಪರೀಕ್ಷಿಸಿ, ಒರೆಸಿ, ಪೌಡರ್ ಹಾಕಿ ಕೊಟ್ಟೆ. ಚೀಫ್ ಅವನ್ನು ಒಂದೊಂದಾಗಿ ಏರಿಸಿಕೊಂಡರು. ದೊಡ್ಡಪ್ಪ ಬಾಯಿ ಅಗಲವಾಗಿ ತೆರೆದರು. ಚೀಫ್ ನಾಲಿಗೆಯ ಕೆಳಗೆ ಬೆರಳಿಟ್ಟು, ಇನ್ನೊಂದು ಕೈಯಿಂದ ಗದ್ದದ ಕೆಳಗೆ ಒತ್ತಿ, ಮೊದಲಿನ ಹಾಗೆಯೇ ಕಣ್ಣು ಮುಚ್ಚಿಕೊಂಡು ನಿಧಾನವಾಗಿ ನೋಡಿದರು.

“ನಾನು ಮಾಡಿದ್ದರೂ ಇದಕ್ಕಿಂತ ಚೆನ್ನಾಗಿ ಆಗುತ್ತಿರಲಿಲ್ಲ” ಎಂದರು.

ಬಾಯೊಳಗೆ ಬೆರಳಿದ್ದುದರಿಂದ ದೊಡ್ಡಪ್ಪನಿಗೆ ಮಾತಾಡಲಾಗಲಿಲ್ಲ. ಬಾಯಿ ತೆರೆದುಕೊಂಡೇ, ಬೀದಿಯವರಿಗೆ ಆ ಮಾತು ಸರಿಯಾಗಿ ಕೇಳಿಸಿತೇ ಎಂದು ಕಣ್ಣು ಮಾತ್ರ ಬಾಗಿಲ ಕಡೆ ತಿರುಗಿಸಿದರು.